ಪಿನ್ ಮರೆತ ಲ್ಯಾಪ್‌ಟಾಪ್: ಫಾರ್ಮ್ಯಾಟ್‌ಗೆ ಒಪ್ಪುವ ಮುನ್ನ

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಸಕಲೇಶಪುರದ ಕಡೆಯವಳು. ಮಗ 2023ರಲ್ಲಿ ಅಮೆರಿಕಕ್ಕೆ ಹೊರಡುವ ಮುನ್ನ ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ಕೊಡಿಸಿ, ಎಲ್ಲವನ್ನೂ ಅವನೇ ಸಿದ್ಧಮಾಡಿಕೊಟ್ಟಿದ್ದ. ನಾನು ಪಿನ್ ಒತ್ತಿ ಬಳಸುತ್ತಿದ್ದೆ. ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳು ಅದನ್ನು ಮುಟ್ಟಲಿಲ್ಲ. ಈಗ ಪಿನ್ ನೆನಪಿಗೆ ಬರುತ್ತಿಲ್ಲ. ಊರೂರು ಸುತ್ತಿ ಹಿರಿಯ ಹೆಂಗಸರಿಂದ ಸಂಗ್ರಹಿಸಿದ ಸೋಬಾನೆ ಪದ, ಬೀಸುವ ಪದಗಳ ಧ್ವನಿಮುದ್ರಣಗಳೂ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪಠ್ಯವೂ ಅದರಲ್ಲಿವೆ. ಬೇರೆಲ್ಲೂ ಪ್ರತಿಯಿಲ್ಲ. ಪೇಟೆಯ ರಿಪೇರಿ ಅಂಗಡಿಯವರು "ಫಾರ್ಮ್ಯಾಟ್ ಬಿಟ್ಟರೆ ದಾರಿಯಿಲ್ಲ, ಬೇಕಿದ್ದರೆ ಆಮೇಲೆ ಫೈಲುಗಳನ್ನು ರಿಕವರಿ ಮಾಡಿಕೊಡುತ್ತೇವೆ" ಎನ್ನುತ್ತಾರೆ. ಒಪ್ಪಬಹುದೇ? ಮುಂದೆ ಪಾಸ್‌ವರ್ಡ್ ಇಲ್ಲದೆಯೇ ಬಳಸಲು ಆಗುತ್ತದೆಯೇ?

ಉತ್ತರ: ಒಪ್ಪಬೇಡಿ. ಲ್ಯಾಪ್‌ಟಾಪನ್ನು ಈಗಾಗಲೇ ಅಂಗಡಿಯಲ್ಲಿ ಬಿಟ್ಟು ಬಂದಿದ್ದರೆ ಇವತ್ತೇ ಫೋನ್ ಮಾಡಿ, ಏನನ್ನೂ ಮಾಡಬಾರದೆಂದು ಹೇಳಿ ಮನೆಗೆ ತರಿಸಿಕೊಳ್ಳಿ. ನೀವು ಮರೆತಿರುವುದು ಪಿನ್ ಮಾತ್ರ. ನಿಮ್ಮ ಹಾಡುಗಳು ಡಿಸ್ಕಿನಲ್ಲಿ ಇದ್ದಲ್ಲಿಯೇ ಇವೆ. ಅವುಗಳಿಗೆ ಅಪಾಯ ಬರುವುದು ನಿಮ್ಮ ಮರೆವಿನಿಂದಲ್ಲ, ಆ ಫಾರ್ಮ್ಯಾಟಿನಿಂದ.

"ಆಮೇಲೆ ರಿಕವರಿ" ಎಂಬ ಭರವಸೆ ಹಳೆಯ ಕಾಲದ್ದು. ತಿರುಗುವ ತಟ್ಟೆಗಳಿದ್ದ ಹಾರ್ಡ್ ಡಿಸ್ಕ್‌ಗಳಲ್ಲಿ ಫಾರ್ಮ್ಯಾಟ್ ಮಾಡಿದರೂ ಹಳೆಯ ಮಾಹಿತಿ ಎಷ್ಟೋ ದಿನ ಅಲ್ಲೇ ಉಳಿದಿರುತ್ತಿತ್ತು. ಅದನ್ನು ಹೆಕ್ಕಿ ತೆಗೆಯುವುದು ಸಾಧ್ಯವಿತ್ತು. 2023ರ ಲ್ಯಾಪ್‌ಟಾಪಿನಲ್ಲಿ ಇರುವುದು ಬಹುತೇಕ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗಗಳಿಲ್ಲದೆ ಚಿಪ್ಪುಗಳಲ್ಲೇ ಮಾಹಿತಿ ಇಡುವ ಡಿಸ್ಕ್. ಯಾವ ಜಾಗ ಖಾಲಿಯಾಯಿತೆಂದು ವಿಂಡೋಸ್ ತಿಳಿಸಿದೊಡನೆ ಎಸ್‌ಎಸ್‌ಡಿ ತಾನಾಗಿಯೇ ಆ ಜಾಗವನ್ನು ಒಳಗಿಂದ ಅಳಿಸಿಹಾಕುತ್ತದೆ. ಈ ವ್ಯವಸ್ಥೆಗೆ ಟ್ರಿಮ್ ಎಂದು ಹೆಸರು. ಅದರ ಮೇಲೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ, ಅಂದರೆ ಕೀಲಿಯಿಲ್ಲದೆ ಓದಲಾಗದ ಗೂಢಲಿಪಿಗೆ ಬದಲಾಗಿದ್ದರೆ, ಫಾರ್ಮ್ಯಾಟ್ ಆದೊಡನೆ ಅದನ್ನು ಬಿಡಿಸುವ ಕೀಲಿಯೂ ಹೋಗುತ್ತದೆ. ಆಮೇಲೆ ಎಷ್ಟು ಹಣ ಕೊಟ್ಟರೂ ಯಾವ ಪ್ರಯೋಗಾಲಯದಿಂದಲೂ ಆ ಧ್ವನಿಗಳು ಮರಳಿ ಬರಲಾರವು. ನೀವು ಧ್ವನಿಮುದ್ರಿಸಿಕೊಂಡ ಹಿರಿಯರಲ್ಲಿ ಎಲ್ಲರೂ ಈಗ ಹಾಡಲು ಇದ್ದಾರೆಯೇ? ಇಲ್ಲವೆಂದಾದರೆ ಇದು ಬರಿಯ ರಿಪೇರಿಯ ಮಾತಲ್ಲ.

ಇನ್ನು ಕೆಲಸಕ್ಕೆ ಬರೋಣ. ಮೊದಲು ಕೇಳಿಕೊಳ್ಳಬೇಕಾದದ್ದು "ಪಿನ್ ಯಾವುದು" ಎಂದಲ್ಲ, "ಖಾತೆ ಯಾರದು" ಎಂದು. ಸಾಮಾನ್ಯ ಮನೆಬಳಕೆಯ ಲ್ಯಾಪ್‌ಟಾಪ್‌ಗಳಲ್ಲಿ ಬರುವ ವಿಂಡೋಸ್ 11 ಹೋಮ್ ಆವೃತ್ತಿಯು ಮೊದಲ ಬಾರಿ ಸಿದ್ಧಪಡಿಸುವಾಗ ಇಂಟರ್‌ನೆಟ್ ಸಂಪರ್ಕವನ್ನೂ ಮೈಕ್ರೋಸಾಫ್ಟ್ ಖಾತೆಯನ್ನೂ ಕೇಳುತ್ತದೆ. ಹೊರಡುವ ಅವಸರದಲ್ಲಿದ್ದ ಮಗ ನಿಮಗಾಗಿ ಹೊಸ ಖಾತೆ ತೆರೆಯುವ ಬದಲು ತನ್ನದೇ ಇಮೇಲ್ ವಿಳಾಸ ಕೊಟ್ಟು ಮುಂದೆ ಸಾಗಿರುವ ಸಾಧ್ಯತೆ ಹೆಚ್ಚು. ಅಪ್ಪ ಅಮ್ಮನ ಲ್ಯಾಪ್‌ಟಾಪುಗಳಲ್ಲಿ ಇದನ್ನು ಎಷ್ಟು ಸಲ ಕಂಡಿದ್ದೇನೆಂದರೆ, ಈಗ ಮೊದಲ ಪ್ರಶ್ನೆಯೇ ಇದಾಗಿಬಿಟ್ಟಿದೆ. ಲಾಗಿನ್ ಪರದೆಯಲ್ಲಿ ಯಾರ ಹೆಸರಿದೆ ನೋಡಿ. ಮಗನ ಹೆಸರಿದ್ದರೆ, ಅಥವಾ ನಿಮ್ಮ ಹೆಸರಿದ್ದರೂ ಸಂಶಯವಿದ್ದರೆ, ಅವನಿಗೆ ಕರೆ ಮಾಡಿ. ಲ್ಯಾಪ್‌ಟಾಪ್ ನಿಮ್ಮ ಮೇಜಿನ ಮೇಲಿದ್ದರೂ ಅದನ್ನು ತೆರೆಸುವ ಅಧಿಕಾರ ಅವನ ಖಾತೆಯಲ್ಲಿರಬಹುದು.

ಅವನು ಮಾಡಬೇಕಾದ ಮೊದಲ ಕೆಲಸಕ್ಕೆ ನಿಮ್ಮ ಲ್ಯಾಪ್‌ಟಾಪೇ ಬೇಕಿಲ್ಲ. ಅಲ್ಲಿಂದಲೇ ತನ್ನ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ಇಂಟರ್‌ನೆಟ್‌ನಲ್ಲಿ ಫೈಲುಗಳನ್ನು ಇಡುವ ಅದರ ಒನ್‌ಡ್ರೈವ್ ತೆರೆಯಲಿ. ವಿಂಡೋಸ್ 11 ಅನೇಕ ಸಲ ಕೇಳದೆಯೇ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳ ಪ್ರತಿಯನ್ನು ಒನ್‌ಡ್ರೈವ್‌ಗೆ ಏರಿಸುತ್ತಿರುತ್ತದೆ. ಉಚಿತವಾಗಿ ಸಿಗುವ ಜಾಗ 5 ಜಿಬಿ. ಅದು ತುಂಬಿದ ಮೇಲೆ ಏರಿಸುವುದು ನಿಲ್ಲುತ್ತದೆ. ನುಡಿಯ ಪಠ್ಯಗಳೆಲ್ಲ ಅಲ್ಲಿದ್ದು, ಧ್ವನಿಮುದ್ರಣಗಳು ಭಾಗಶಃ ಮಾತ್ರ ಸಿಗಬಹುದು. ಫೈಲುಗಳನ್ನು ಡಿ ಡ್ರೈವಿನಲ್ಲಿ ಇಟ್ಟಿದ್ದರೆ ಒಂದೂ ಇರುವುದಿಲ್ಲ. ಏನೇ ಇರಲಿ, ಸಿಕ್ಕಿದ್ದನ್ನು ಅವನು ಇಳಿಸಿಟ್ಟುಕೊಳ್ಳಲಿ. ಆ ಪಠ್ಯವನ್ನು ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಂಡರೆ ಗಾಬರಿಪಡಬೇಡಿ, ಫೈಲು ಕೆಟ್ಟಿಲ್ಲ. ನುಡಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಬರಹ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಸಾಮಾನ್ಯ ಅಕ್ಷರಸಂಕೇತದಲ್ಲಿ, ಇರುವುದಿಲ್ಲ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅದು ಹಾಗೆಯೇ ಕಾಣುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಹಾಕಿಕೊಂಡೊಡನೆ ಅಕ್ಷರಗಳು ಸರಿಯಾಗುತ್ತವೆ. "ಫೈಲು ಕರಪ್ಟ್ ಆಗಿದೆ" ಎಂದು ಯಾರೋ ಹೇಳಿದ್ದನ್ನು ನಂಬಿ ಇಂಥ ಕಡತಗಳನ್ನು ಅಳಿಸಿದವರಿದ್ದಾರೆ.

ಅವನು ಅದೇ ಖಾತೆಯಲ್ಲಿ ನೋಡಬೇಕಾದ ಇನ್ನೊಂದು ಜಾಗ ಸಾಧನಗಳ ಪಟ್ಟಿ. ನಿಮ್ಮ ಲ್ಯಾಪ್‌ಟಾಪಿನ ಹೆಸರು ಅಲ್ಲಿ ಇರುತ್ತದೆ, ಅದರ ವಿವರಗಳಲ್ಲಿ ಬಿಟ್‌ಲಾಕರ್ (ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್ ವ್ಯವಸ್ಥೆ) ರಿಕವರಿ ಕೀ ಇದೆಯೇ ನೋಡಲಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕೊಡನೆ ಇಡೀ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುವುದು ಸಾಮಾನ್ಯ. ಬಳಸುವವರಿಗೆ ಅದರ ಸುಳಿವೂ ಇರುವುದಿಲ್ಲ. ಅದನ್ನು ಬಿಡಿಸುವ 48 ಅಂಕಿಗಳ ಕೀಲಿ, ಲ್ಯಾಪ್‌ಟಾಪನ್ನು ಮೊದಲು ಸಿದ್ಧಪಡಿಸಿದವರ ಖಾತೆಯಲ್ಲಿ ಉಳಿದಿರುತ್ತದೆ. ಆರಾರು ಅಂಕಿಗಳ ಎಂಟು ಗುಂಪುಗಳು. ಅಷ್ಟನ್ನೂ ಅವನು ಬರೆದುಕೊಂಡು ನಿಮಗೂ ಕಳುಹಿಸಲಿ. ಇವತ್ತು ಅದರ ಅಗತ್ಯ ಬೀಳದೆಯೂ ಹೋಗಬಹುದು. ಆದರೆ ಮುಂದಿನ ಯಾವುದೇ ಹೆಜ್ಜೆ ಎಡವಿದರೆ ನಿಮ್ಮ ಹಾಡುಗಳನ್ನು ಕಾಯುವುದು ಆ ಸಂಖ್ಯೆಯೊಂದೇ. ಆದ್ದರಿಂದ ಅದು ಕೈಗೆ ಬರುವ ತನಕ ಲ್ಯಾಪ್‌ಟಾಪಿನ ಬಯೋಸ್ ಸೆಟ್ಟಿಂಗ್‌ಗಳನ್ನು, ಅಂದರೆ ವಿಂಡೋಸ್ ತೆರೆಯುವುದಕ್ಕೂ ಮೊದಲಿನ ಮೂಲ ಸೆಟ್ಟಿಂಗ್‌ಗಳನ್ನು, ಯಾರೂ ಮುಟ್ಟಬಾರದು. ಸೆಕ್ಯೂರ್ ಬೂಟ್ ಎಂಬ ರಕ್ಷಣೆಯನ್ನು ಆಫ್ ಮಾಡುವುದು, ಎನ್‌ಕ್ರಿಪ್ಶನ್ನಿನ ಕೀಲಿಯನ್ನು ಕಾಯುವ ಟಿಪಿಎಂ ಚಿಪ್ಪನ್ನು ಕ್ಲಿಯರ್ ಮಾಡುವುದು, ಇವೆಲ್ಲ ಅಂಗಡಿಗಳಲ್ಲಿ ಅಭ್ಯಾಸಬಲದಿಂದ ನಡೆದುಹೋಗುತ್ತವೆ. ಮರುಕ್ಷಣವೇ ಲ್ಯಾಪ್‌ಟಾಪ್ ನೀಲಿ ಪರದೆ ತೋರಿಸಿ ಆ 48 ಅಂಕಿಗಳನ್ನು ಕೇಳುತ್ತದೆ.

ಈಗ ಪಿನ್. ತಪ್ಪು ಪಿನ್‌ಗಳನ್ನು ಊಹಿಸಿ ಒತ್ತುತ್ತಾ ಕೂರಬೇಡಿ. ಕೆಲವು ತಪ್ಪುಗಳ ನಂತರ ವಿಂಡೋಸ್ ಎ1ಬಿ2ಸಿ3 ಎಂದು ಟೈಪ್ ಮಾಡಲು ಹೇಳುತ್ತದೆ. ಬೆರಳು ತಾಗಿಯೋ ಮಗು ಒತ್ತಿಯೋ ಆದ ತಪ್ಪಲ್ಲ ಎಂದು ಖಚಿತಪಡಿಸಿಕೊಳ್ಳಲು ಹಾಗೆ ಮಾಡುತ್ತದೆ. ಆಮೇಲೂ ತಪ್ಪಿದರೆ ರೀಸ್ಟಾರ್ಟ್ ಮಾಡಲು ಹೇಳುತ್ತದೆ, ಕೊನೆಗೆ ಕೆಲಕಾಲ ಪಿನ್ ಸ್ವೀಕರಿಸುವುದನ್ನೇ ನಿಲ್ಲಿಸುತ್ತದೆ. ಆ ಹಂತ ತಲುಪಿದ್ದರೆ ಚಾರ್ಜರ್ ಸಿಕ್ಕಿಸಿ, ಲ್ಯಾಪ್‌ಟಾಪನ್ನು ಆನ್ ಮಾಡಿಟ್ಟು ಒಂದೆರಡು ಗಂಟೆ ಸುಮ್ಮನೆ ಬಿಡಿ. ಪಿನ್ ಒತ್ತಿದರೂ ಅಂಕಿಗಳೇ ಬೀಳುತ್ತಿಲ್ಲವಾದರೆ ನಮ್ ಲಾಕ್ ಆಫ್ ಆಗಿದೆಯೇ ನೋಡಿ. ಪಾಸ್‌ವರ್ಡ್ ಟೈಪ್ ಮಾಡುವ ಸಂದರ್ಭ ಬಂದರೆ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಕೀಲಿಮಣೆಯ ಭಾಷೆಯನ್ನೂ ಗಮನಿಸಿ. ಕನ್ನಡ ಟೈಪ್ ಮಾಡುವವರ ಲ್ಯಾಪ್‌ಟಾಪಿನಲ್ಲಿ ವಿಂಡೋಸ್‌ನ ಕನ್ನಡ ಕೀಲಿಮಣೆ ಹಾಕಿರುವುದುಂಟು; ಅದು ಆಯ್ಕೆಯಾಗಿದ್ದರೆ ನೀವು ಸರಿಯಾಗಿಯೇ ಒತ್ತಿದ ಪಾಸ್‌ವರ್ಡ್ ಕನ್ನಡ ಅಕ್ಷರಗಳಾಗಿ ಬಿದ್ದು ತಪ್ಪೆನಿಸಿಕೊಳ್ಳುತ್ತದೆ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿಗೆ ಬರುತ್ತದೆ. ಕಣ್ಣಿನ ಗುರುತನ್ನು ಒತ್ತಿ, ಬಿದ್ದ ಅಕ್ಷರಗಳನ್ನು ಓದಿ ನೋಡಿ. "ಪಾಸ್‌ವರ್ಡ್ ಮರೆತುಹೋಯಿತು" ಎಂಬ ದೂರುಗಳಲ್ಲಿ ಕೆಲವು ಇಷ್ಟಕ್ಕೇ ಬಗೆಹರಿಯುತ್ತವೆ.

ಹೊಸ ಪಿನ್ ಹಾಕಲು ಮಗನೂ ನೀವೂ ಒಟ್ಟಿಗೆ ಕೂರಬೇಕು. ಅವನ ರಾತ್ರಿ, ನಿಮ್ಮ ಬೆಳಗು ಹೊಂದುವ ಹೊತ್ತು ನೋಡಿಕೊಳ್ಳಿ. ವಾಟ್ಸಾಪ್ ವಿಡಿಯೊ ಕರೆಯಲ್ಲಿ ಲ್ಯಾಪ್‌ಟಾಪಿನ ಪರದೆ ಅವನಿಗೆ ಕಾಣುವಂತಿರಲಿ. ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಇಲ್ಲದೆ ಇದು ನಡೆಯದು. ಲಾಗಿನ್ ಪರದೆಯ ಕೆಳಮೂಲೆಯಲ್ಲೇ ವೈಫೈ ಗುರುತಿದೆ. ಮನೆಯಲ್ಲಿ ವೈಫೈ ಇಲ್ಲದಿದ್ದರೆ ಮೊಬೈಲಿನ ಹಾಟ್‌ಸ್ಪಾಟ್ ಸಾಕು. ಪಿನ್ ಕೇಳುವ ಜಾಗದ ಕೆಳಗೆ "ಐ ಫರ್ಗಾಟ್ ಮೈ ಪಿನ್" ಎಂಬುದನ್ನು ಒತ್ತಿ. ಅವನ ಖಾತೆಯ ಪಾಸ್‌ವರ್ಡ್ ಕೇಳುತ್ತದೆ, ಇಲ್ಲವೇ ಅವನ ಫೋನಿಗೋ ಇಮೇಲ್‌ಗೋ ಸಂಕೇತಸಂಖ್ಯೆ ಕಳುಹಿಸುತ್ತದೆ. ಅವನು ಹೇಳಿದ್ದನ್ನು ನೀವು ಟೈಪ್ ಮಾಡಿದರೆ ಹೊಸ ಪಿನ್ ಹಾಕಲು ಅವಕಾಶ ಸಿಗುತ್ತದೆ. ಒಂದು ಫೈಲೂ ಅಳಿಯುವುದಿಲ್ಲ. ಹತ್ತರಲ್ಲಿ ಎಂಟು ಪಾಲು ನಿಮ್ಮ ತೊಂದರೆ ಇಲ್ಲಿಗೇ ಮುಗಿಯುತ್ತದೆಂಬುದು ನನ್ನ ನಂಬಿಕೆ. ಒಟಿಪಿಯನ್ನು ಯಾರಿಗೂ ಹೇಳಬಾರದೆಂದು ಕೇಳಿ ಕೇಳಿ ನಿಮಗೆ ಅಳುಕಾಗಬಹುದು. ಇಲ್ಲಿ ಖಾತೆಯ ಒಡೆಯ ನಿಮ್ಮ ಮಗ, ಕರೆ ಮಾಡಿದವರು ನೀವು, ಎದುರಿಗೆ ಕಾಣುತ್ತಿರುವುದು ಅವನ ಮುಖ. ಈ ಮೂರೂ ಕೂಡಿದ ಕಡೆ ಮಾತ್ರ ಅಳುಕು ಬೇಡ.

ತೊಡಕಾಗಬಹುದಾದ ಜಾಗ ಅವನ ಹಳೆಯ ಮೊಬೈಲ್ ಸಂಖ್ಯೆ. ಖಾತೆಗೆ ಕೊಟ್ಟಿದ್ದು ಇಲ್ಲಿನ ಪ್ರೀಪೇಯ್ಡ್ ಸಿಮ್ ಆಗಿದ್ದು, ವಿದೇಶಕ್ಕೆ ಹೋದ ಮೇಲೆ ಅದಕ್ಕೆ ರೀಚಾರ್ಜ್ ಮಾಡದಿದ್ದರೆ, ಕಂಪನಿ ಅದನ್ನು ರದ್ದುಮಾಡಿ ಕಾಯುವ ಅವಧಿ ಮುಗಿದ ಮೇಲೆ ಬೇರೆಯವರಿಗೆ ಕೊಟ್ಟಿರಲೂಬಹುದು. ಹಾಗಾಗಿದ್ದರೆ ಸಂಕೇತಸಂಖ್ಯೆ ಅವನಿಗೆ ತಲುಪುವುದಿಲ್ಲ. ಖಾತೆಯಲ್ಲಿ ಬೇರೆ ಇಮೇಲ್ ವಿಳಾಸವೂ ಇದ್ದರೆ ಅದನ್ನೇ ಆರಿಸಿಕೊಳ್ಳಲಿ. ಅದೂ ಇಲ್ಲದಿದ್ದರೆ ಹಳೆಯ ಭದ್ರತಾ ವಿವರಗಳನ್ನು ಬದಲಿಸಲು ಮೈಕ್ರೋಸಾಫ್ಟ್‌ಗೆ ಕೋರಿಕೆ ಸಲ್ಲಿಸಬಹುದು. ಆಗ 30 ದಿನ ಕಾಯಿಸುತ್ತಾರೆ. ಕಾಯಿರಿ. ಅಷ್ಟು ದಿನ ಲ್ಯಾಪ್‌ಟಾಪ್ ಕಪಾಟಿನಲ್ಲಿ ಮುಚ್ಚಿಟ್ಟಿದ್ದರೆ ಹಾಡುಗಳಿಗೆ ಏನೂ ಆಗುವುದಿಲ್ಲ. ಮಗನಿಗೆ ತನ್ನ ಖಾತೆಯ ಪಾಸ್‌ವರ್ಡೇ ಮರೆತಿದ್ದರೆ ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಮರುಹೊಂದಿಕೆಯ ಪುಟದಿಂದ ಹೊಸದನ್ನು ಪಡೆಯಲಿ. ಆ ಹೊಸ ಪಾಸ್‌ವರ್ಡನ್ನು ನಿಮ್ಮ ಲ್ಯಾಪ್‌ಟಾಪ್ ಒಪ್ಪಬೇಕಾದರೂ ಅದು ಇಂಟರ್‌ನೆಟ್‌ಗೆ ಸೇರಿರಬೇಕು.

ಈ ಸಮಯದಲ್ಲಿ ದಯವಿಟ್ಟು ಒಂದನ್ನು ಮಾಡಬೇಡಿ: ಗೂಗಲ್‌ನಲ್ಲಿ "ಮೈಕ್ರೋಸಾಫ್ಟ್ ಕಸ್ಟಮರ್ ಕೇರ್" ಎಂದು ಹುಡುಕಿ, ಮೊದಲು ಕಂಡ ಸಂಖ್ಯೆಗೆ ಕರೆ ಮಾಡುವುದು. ಆ ಹೆಸರಿನಲ್ಲಿ ವಂಚಕರ ಸಂಖ್ಯೆಗಳು ಹರಿದಾಡುತ್ತವೆ. ಮೊಬೈಲಿಗೆ ಪರದೆ ಹಂಚುವ ಆ್ಯಪ್ ಹಾಕಿಸಿ ಬ್ಯಾಂಕ್ ಖಾತೆ ಬರಿದು ಮಾಡುತ್ತಾರೆ. ಅಂಥದ್ದು ನಡೆದೇಹೋದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.

ಮಗ ಇಂಟರ್‌ನೆಟ್ಟಿಗೆ ಸಂಬಂಧವಿಲ್ಲದ ಲೋಕಲ್ ಖಾತೆ ಮಾಡಿಕೊಟ್ಟಿದ್ದರೆ ದಾರಿ ಬೇರೆ. ತಪ್ಪು ಪಾಸ್‌ವರ್ಡ್ ಒಮ್ಮೆ ಕೊಟ್ಟರೆ ಕೆಳಗೆ "ರೀಸೆಟ್ ಪಾಸ್‌ವರ್ಡ್" ಕಾಣುತ್ತದೆ. ಖಾತೆ ಮಾಡುವಾಗ ಮೂರು ಭದ್ರತಾ ಪ್ರಶ್ನೆಗಳಿಗೆ ಅವನು ಉತ್ತರ ಕೊಟ್ಟಿರುತ್ತಾನೆ. ಹುಟ್ಟಿದ ಊರು, ಮೊದಲ ಸಾಕುಪ್ರಾಣಿಯ ಹೆಸರು, ಹೀಗೆ. ಅವನನ್ನೇ ಕೇಳಿ. ಉತ್ತರದ ಇಂಗ್ಲಿಷ್ ಕಾಗುಣಿತ ಅವನು ಅಂದು ಬರೆದಂತೆಯೇ ಇರಬೇಕು. ಅದೇ ಲ್ಯಾಪ್‌ಟಾಪಿನಲ್ಲಿ ಅಡ್ಮಿನಿಸ್ಟ್ರೇಟರ್ ಹಕ್ಕಿರುವ ಇನ್ನೊಂದು ಖಾತೆಯಿದ್ದರೆ ಅಲ್ಲಿಂದಲೂ ನಿಮ್ಮ ಪಾಸ್‌ವರ್ಡ್ ಬದಲಿಸಬಹುದು, ಆದರೆ ಹಾಗೆ ಹೊರಗಿಂದ ಬದಲಿಸಿದರೆ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳು ಹೋಗುವ ಸಂಭವವಿದೆ. ಅವುಗಳಿಗೆ ಹಾಕಿದ ಬೀಗದ ಕೀಲಿ ನಿಮ್ಮ ಹಳೆಯ ಪಾಸ್‌ವರ್ಡಿಗೆ ಕಟ್ಟಿಕೊಂಡಿರುತ್ತದೆ. ವಿಡಿಯೊ ನೋಡಿ ಕಲಿತ "ಬೈಪಾಸ್" ತಂತ್ರಗಳಲ್ಲೂ ಇದೇ ತೊಂದರೆ. ಅದಕ್ಕೆಂದು ಇಳಿಸಿಕೊಳ್ಳುವ ಬಿಟ್ಟಿ ತಂತ್ರಾಂಶಗಳಲ್ಲಿ ವೈರಸ್ ಇರುವುದೂ ಉಂಟು. ಎನ್‌ಕ್ರಿಪ್ಟ್ ಆದ ಡಿಸ್ಕಿನ ಮುಂದೆ ಆ ತಂತ್ರಗಳು ನಡೆಯುವುದೂ ಇಲ್ಲ.

ಇದ್ಯಾವುದೂ ಫಲಿಸಲಿಲ್ಲ ಎಂದಿಟ್ಟುಕೊಳ್ಳೋಣ. ಆಗಲೂ ಫಾರ್ಮ್ಯಾಟ್‌ಗೆ ಮುನ್ನ ಒಂದು ಹಂತವಿದೆ: ವಿಂಡೋಸ್‌ನ ಒಳಗೆ ಹೋಗದೆಯೇ ಫೈಲುಗಳನ್ನು ಹೊರತೆಗೆಯುವುದು. ವಿಂಡೋಸ್ ಪಾಸ್‌ವರ್ಡ್ ಕಾಯುವುದು ವಿಂಡೋಸ್‌ನ ಬಾಗಿಲನ್ನು ಮಾತ್ರ. ಡಿಸ್ಕ್ ಎನ್‌ಕ್ರಿಪ್ಟ್ ಆಗಿರದಿದ್ದರೆ ಬೇರೆ ಕಾರ್ಯಾಚರಣ ವ್ಯವಸ್ಥೆಯಿಂದ ಅದನ್ನು ತೆರೆದು ಓದಬಹುದು. ಎನ್‌ಕ್ರಿಪ್ಟ್ ಆಗಿದ್ದರೂ ಆ 48 ಅಂಕಿಗಳಿದ್ದರೆ ಓದಬಹುದು. ಊರಿನಲ್ಲಿ ಬಲ್ಲ ಹುಡುಗರು, ಎಂಜಿನಿಯರಿಂಗ್ ಓದುವ ಹಳೆಯ ವಿದ್ಯಾರ್ಥಿಗಳು ನಿಮಗೆ ಖಂಡಿತ ಸಿಗುತ್ತಾರೆ. ಅವರಿಗೆ ಹೀಗೆ ಹೇಳಿ. ಬೇರೆ ಕಂಪ್ಯೂಟರಿನಲ್ಲಿ ರೂಫಸ್ ತಂತ್ರಾಂಶ ಬಳಸಿ, ಖಾಲಿ ಪೆನ್‌ಡ್ರೈವಿಗೆ ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯಬೇಕು. 16 ಜಿಬಿಯದಾದರೆ ಚಿಂತೆಯಿಲ್ಲ, ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಯುತ್ತದೆ. ಅದನ್ನು ನಿಮ್ಮ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಆನ್ ಮಾಡುವಾಗ, ಯಾವುದರಿಂದ ಆರಂಭಿಸಬೇಕೆಂದು ಕೇಳುವ ಬೂಟ್ ಮೆನು ಕರೆಯಬೇಕು. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್ ಕೀಲಿ. ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯವಿಲ್ಲ, ಉಬುಂಟು ಅದರೊಂದಿಗೇ ನಡೆಯುತ್ತದೆ. ಮುಂದಿನ ಪರದೆಯಲ್ಲಿ "ಟ್ರೈ ಉಬುಂಟು" ಎಂಬುದನ್ನೇ ಆರಿಸಬೇಕು. "ಇನ್‌ಸ್ಟಾಲ್" ಆರಿಸಿ ಮುಂದೆ ಮುಂದೆ ಒತ್ತಿದರೆ ಇಷ್ಟು ಹೊತ್ತು ಕಾಪಾಡಿದ್ದೆಲ್ಲ ಅಳಿದುಹೋಗುತ್ತದೆ. ಇದನ್ನು ಮಾತ್ರ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ. ಫೈಲ್ಸ್ ಎಂಬುದನ್ನು ತೆರೆದರೆ ನಿಮ್ಮ ಡಿಸ್ಕ್ ಕಾಣುತ್ತದೆ, ಕೀಲಿ ಕೇಳಿದರೆ 48 ಅಂಕಿಗಳನ್ನು ಕೊಡಬೇಕು. ಯೂಸರ್ಸ್ ಫೋಲ್ಡರಿನ ಒಳಗೆ ನಿಮ್ಮ ಖಾತೆಯ ಹೆಸರಿನ ಫೋಲ್ಡರಿದೆ. ಅದನ್ನು ಇಡಿಯಾಗಿ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಡಿ ಡ್ರೈವ್ ಇದ್ದರೆ ಅದನ್ನೂ. ಡಿಸ್ಕನ್ನು ಓದಲು ಮಾತ್ರ ಅನುಮತಿಯಿದೆ ಎಂಬ ಸಂದೇಶ ಬಂದರೆ ಚಿಂತೆಯಿಲ್ಲ. ನಕಲಿಸಲು ಓದುವ ಅನುಮತಿಯೇ ಸಾಕು. ನಕಲಾದ ಧ್ವನಿಮುದ್ರಣಗಳಲ್ಲಿ ಕೆಲವನ್ನಾದರೂ ಅಲ್ಲೇ ಕೇಳಿ ನೋಡಿ.

ಇದೆಲ್ಲ ಸ್ವಂತ ಲ್ಯಾಪ್‌ಟಾಪಿಗೆ, ಒಡೆಯರ ಒಪ್ಪಿಗೆಯೊಂದಿಗೆ ಮಾತ್ರ ಸಲ್ಲುವ ಕೆಲಸ. ಇನ್ನೊಬ್ಬರ ಕಂಪ್ಯೂಟರಿಗೆ ಹೀಗೆ ನುಗ್ಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅಪರಾಧ.

ಫೈಲುಗಳು ಹೊರಬಂದ ನಂತರ ಬೇಕಿದ್ದರೆ ಫಾರ್ಮ್ಯಾಟ್ ಮಾಡಿಸಿ. ಆಗ ಅಂಗಡಿಯವರು "ಕೀಪ್ ಮೈ ಫೈಲ್ಸ್" ಎಂಬ ಆಯ್ಕೆ ಹೇಳಬಹುದು. ಅದು ಖಾತೆಯನ್ನೂ ಉಳಿಸಿಕೊಳ್ಳುವುದರಿಂದ ನಿಮ್ಮ ಕೆಲಸಕ್ಕೆ ಬಾರದು. ವಿಂಡೋಸ್‌ಗೆ ಹೊಸ ಲೈಸೆನ್ಸ್ ಎಂದು ಹಣ ಕೇಳಿದರೆ ಕೊಡಬೇಡಿ. ಲ್ಯಾಪ್‌ಟಾಪಿನ ಜೊತೆ ಬಂದ ವಿಂಡೋಸ್ ಪರವಾನಗಿ ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ, ಅದೇ ಆವೃತ್ತಿಯನ್ನು ಮತ್ತೆ ಹಾಕಿ ಇಂಟರ್‌ನೆಟ್‌ಗೆ ಸೇರಿಸಿದರೆ ತಾನೇ ಸಕ್ರಿಯವಾಗುತ್ತದೆ. ಎಂಎಸ್ ಆಫೀಸ್ ಹಾಗಲ್ಲ. ಜೊತೆಯಲ್ಲಿ ಬಂದ ಆಫೀಸ್‌ನ ಹಕ್ಕು ಅದನ್ನು ಮೊದಲು ಸಕ್ರಿಯಗೊಳಿಸಿದ ಖಾತೆಯಲ್ಲಿರುತ್ತದೆ, ಅಂದರೆ ಪ್ರಾಯಶಃ ಮಗನದರಲ್ಲಿ. ಆದ್ದರಿಂದ ಆ ಖಾತೆಯನ್ನು ಕೈಬಿಡಬೇಡಿ. ಎರಡು ವರ್ಷ ಒಮ್ಮೆಯೂ ಒಳಹೋಗದ ಖಾತೆಯನ್ನು ಮೈಕ್ರೋಸಾಫ್ಟ್ ಮುಚ್ಚಬಹುದೆಂಬುದು ಮಗನಿಗೂ ತಿಳಿದಿರಲಿ.

ಒಳಗೆ ಹೋದ ದಿನವೇ ಹಾಡುಗಳ ಪ್ರತಿ ಮಾಡಿ: ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ, ಇನ್ನೊಂದು ಬೇರೆ ಮನೆಯಲ್ಲಿರುವ ಯಾರಾದರೂ ನೆಂಟರ ಬಳಿಗೆ. ಪೆನ್‌ಡ್ರೈವ್ ಸಾಗಿಸಲು ಸರಿ, ವರ್ಷಗಟ್ಟಲೆ ಇಡಲು ನಂಬಲಾಗದು. ನನ್ನ ಆಸೆ ಇನ್ನೂ ಒಂದಿದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ, ರಾಮನಗರದ ಬಳಿ ಜಾನಪದ ಲೋಕವಿದೆ. ಹಾಡಿದವರ ಹೆಸರು, ಊರು, ಹಾಡಿದ ದಿನ ಬರೆದು, ಹಾಡಿದವರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆದು, ಇಂಥ ಸಂಸ್ಥೆಯೊಂದಕ್ಕೆ ಪ್ರತಿಯನ್ನು ಕೊಡುವ ವಿಚಾರ ಮಾಡಿ ನೋಡಿ. ಟೈಪ್ ಮಾಡಿದ ಪಠ್ಯವನ್ನೂ ಯೂನಿಕೋಡ್‌ಗೆ ಬದಲಿಸಿಟ್ಟರೆ ಫಾಂಟಿನ ಹಂಗಿಲ್ಲದೆ ಎಲ್ಲರಿಗೂ ಓದಲು ಸಿಗುತ್ತದೆ.

ಕೊನೆಯ ಪ್ರಶ್ನೆಗೆ ಬರುತ್ತೇನೆ. ಪಾಸ್‌ವರ್ಡ್ ತೆಗೆದುಹಾಕಬೇಡಿ. ನಿಮ್ಮ ಪಿಂಚಣಿಯ ಕಾಗದಗಳು, ಆಧಾರ್ ಪ್ರತಿ, ಬ್ಯಾಂಕಿನ ವಿವರಗಳು ಆ ಲ್ಯಾಪ್‌ಟಾಪಿನಲ್ಲಿ ಇಲ್ಲದಿರಲಾರವು. ಬಸ್ಸಿನಲ್ಲಿ ಒಮ್ಮೆ ಕಳೆದುಹೋದರೆ ಎಲ್ಲವೂ ಸಿಕ್ಕಿದವರ ಪಾಲು. ಬದಲಿಗೆ ನಿಮ್ಮದೇ ಹೆಸರಿನಲ್ಲಿ, ನಿಮ್ಮದೇ ಮೊಬೈಲ್ ಸಂಖ್ಯೆ ಕೊಟ್ಟು ಒಂದು ಮೈಕ್ರೋಸಾಫ್ಟ್ ಖಾತೆ ತೆರೆದು, ಅದನ್ನು ಲ್ಯಾಪ್‌ಟಾಪಿಗೆ ಅಡ್ಮಿನಿಸ್ಟ್ರೇಟರ್ ಆಗಿ ಸೇರಿಸಿಕೊಳ್ಳಿ. ಮಗನ ಖಾತೆಯೂ ಜೊತೆಯಲ್ಲಿರಲಿ. ಹಳೆಯ ಫೈಲುಗಳು ಅವನ ಖಾತೆಯ ಫೋಲ್ಡರಿನಲ್ಲಿರುತ್ತವೆ. ಅವುಗಳನ್ನು ನಿಮ್ಮದಕ್ಕೆ ನಕಲಿಸಿಕೊಳ್ಳಬೇಕು. ಲ್ಯಾಪ್‌ಟಾಪಿನಲ್ಲಿ ಬೆರಳಚ್ಚಿನ ಸೌಲಭ್ಯವಿದ್ದರೆ ಎರಡೂ ಕೈಗಳ ಒಂದೊಂದು ಬೆರಳನ್ನು ದಾಖಲಿಸಿ. ವಯಸ್ಸಾದವರ ಬೆರಳಚ್ಚನ್ನು ಯಂತ್ರ ಕೆಲವೊಮ್ಮೆ ಗುರುತಿಸದು, ಆಗ ಮತ್ತೆ ಪಿನ್ನೇ ಬೇಕು. ಆ ಪಿನ್, ಖಾತೆಯ ಇಮೇಲ್ ವಿಳಾಸ ಮತ್ತು ಪಾಸ್‌ವರ್ಡ್, 48 ಅಂಕಿಗಳ ಕೀಲಿ, ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದು ಮನೆಯ ಪತ್ರಗಳನ್ನು ಇಡುವ ಬೀರುವಿನಲ್ಲಿಡಿ. ಬರೆದಿಡಬಾರದು ಎಂಬ ಎಚ್ಚರಿಕೆ ಕಚೇರಿಯ ಮೇಜಿಗೆ ಸರಿ. ಮನೆಯ ಬೀರುವಿಗೆ ಅದು ಅನ್ವಯಿಸುವುದಿಲ್ಲ. ನೋಟ್‌ಬುಕ್ ಲ್ಯಾಪ್‌ಟಾಪಿನ ಚೀಲದಲ್ಲಿ ಮಾತ್ರ ಇರಬಾರದು.